ಫ್ಲೋರಿನ್ ಎಂಬ ಒಂಟಿ ಸಲಗ

1774ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆ ಮ್ಯಾಂಗನೀಸ್ ಅದಿರಿಗೆ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ ಕಾಯಿಸಿದಾಗ ಹಳದಿ ಬೆರೆತ ಹಸಿರು ಅನಿಲವೊಂದು ಎದ್ದಿತು. ಉಸಿರುಕಟ್ಟಿಸುವ ಘಾಟು, ಹೂವು ಎಲೆಗಳ ಬಣ್ಣವನ್ನೇ ಅಳಿಸುವ ಗುಣ. ಇಷ್ಟನ್ನೂ ಶೀಲೆ ಸರಿಯಾಗಿಯೇ ಬರೆದಿಟ್ಟ. ಅದೊಂದು ಮೂಲವಸ್ತು ಎಂಬುದು ಮಾತ್ರ ಹೊಳೆಯಲಿಲ್ಲ. ಆಮ್ಲ ಅಂದಮೇಲೆ ಅದರಲ್ಲಿ ಆಕ್ಸಿಜನ್ ಇರಲೇಬೇಕು ಎಂಬ ಲವಾಸಿಯೆಯ ಮಾತು ಮುಂದೆ ವೇದವಾಕ್ಯವಾಯಿತು. ಹಾಗಾಗಿ ಈ ಅನಿಲದಲ್ಲೂ ಆಕ್ಸಿಜನ್ ಅಡಗಿದೆಯೆಂದೇ ಪಂಡಿತರು ನಂಬಿದರು. ಕೆಂಪಗೆ ಕಾದ ಇದ್ದಿಲಿನ ಮೇಲೆ ಹಾಯಿಸಿದರೂ ಆಕ್ಸಿಜನ್ನಿನ ಸುಳಿವಿಲ್ಲ. ಕೊನೆಗೆ 1810ರಲ್ಲಿ ಹಂಫ್ರಿ ಡೇವಿ ಇದು ಮೂಲವಸ್ತುವೇ ಎಂದು ಸಾರಿ, ಕ್ಲೋರಿನ್ ಎಂದು ಹೆಸರಿಟ್ಟ.

ಮರುವರ್ಷವೇ ಫ್ರಾನ್ಸಿನಲ್ಲಿ ಬರ್ನಾರ್ಡ್ ಕೂರ್ತ್ವಾ, ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪು ತಯಾರಿಸಲು ಕಡಲಪಾಚಿಯ ಬೂದಿ ಬಳಸುತ್ತಿದ್ದವ, ಗಂಧಕಾಮ್ಲವನ್ನು ತುಸು ಹೆಚ್ಚೇ ಸುರಿದು ನೇರಳೆ ಆವಿ ಕಂಡ. ಅದು ಅಯೋಡಿನ್. 1826ರಲ್ಲಿ ಬಾಲಾರ್ ಉಪ್ಪಿನಗದ್ದೆಯ ಕೊನೆಯ ಕಹಿನೀರಿಗೆ ಕ್ಲೋರಿನ್ ಹಾಯಿಸಿ ಬ್ರೋಮಿನ್ ತೆಗೆದ. ಜರ್ಮನಿಯ ಲೀಬಿಗ್ ಬಳಿ ಅದೇ ದ್ರವ ಮೊದಲೇ ಬಂದಿತ್ತು. ಅಯೋಡಿನ್ ಕ್ಲೋರೈಡ್ ಎಂದು ಚೀಟಿ ಅಂಟಿಸಿ ಬದಿಗಿಟ್ಟ ಆ ದೊಡ್ಡ ರಸಾಯನಜ್ಞನ ಕೈಯಿಂದ ಒಂದು ಮೂಲವಸ್ತುವೇ ಜಾರಿಹೋಯಿತು.

ಬಾಲಾರ್ ಮಾಡಿದ್ದು ಇಂದು ಪ್ರೌಢಶಾಲೆಯ ಪ್ರಯೋಗ. ಬಣ್ಣವಿಲ್ಲದ ಪೊಟ್ಯಾಸಿಯಂ ಅಯೋಡೈಡ್ ದ್ರಾವಣಕ್ಕೆ ನಾಲ್ಕು ಹನಿ ಕ್ಲೋರಿನ್ ನೀರು ಬಿಟ್ಟರೆ ಅದು ಕಂದಾಗುತ್ತದೆ, ಗಂಜಿ ಹಾಕಿದರೆ ಕಡುನೀಲಿ. ಕ್ಲೋರಿನ್ ಅಯೋಡೈಡಿನ ಎಲೆಕ್ಟ್ರಾನ್ ಕಿತ್ತುಕೊಂಡು ಅಯೋಡಿನ್ನನ್ನು ಹೊರಗಟ್ಟುವ ಸ್ಥಾನಪಲ್ಲಟ ಇದು. ತಿರುಗುಮುರುಗಾಗಿ ಅದು ನಡೆಯದು. ಹ್ಯಾಲೋಜನ್ ಎಂದು ಕರೆಸಿಕೊಳ್ಳುವ ಈ ಕುಟುಂಬದ ಎಲ್ಲ ಮೂಲವಸ್ತುಗಳ ಹೊರಕವಚದಲ್ಲೂ ಏಳು ಎಲೆಕ್ಟ್ರಾನ್, ಎಲ್ಲಕ್ಕೂ ಇನ್ನೊಂದರ ಹಸಿವು. ಪರಮಾಣು ದೊಡ್ಡದಾದಷ್ಟೂ ಹಸಿವಿನ ಕಸುವು ಕಡಿಮೆ.

ಈ ಹೋಲಿಕೆ 1829ರಲ್ಲೇ ಡೋಬರೈನರ್ ಕಣ್ಣಿಗೆ ಬಿದ್ದಿತ್ತು. ಪರಮಾಣು ತೂಕ ಕ್ಲೋರಿನ್ನಿನದು 35.5, ಅಯೋಡಿನ್ನಿನದು 127, ಇವೆರಡರ ಸರಾಸರಿ ಬ್ರೋಮಿನ್ನಿನ 80ಕ್ಕೆ ಬಹುತೇಕ ಸಮ. ಆವರ್ತಕ ಕೋಷ್ಟಕಕ್ಕೆ ದಾರಿ ತೋರಿದ ಲೆಕ್ಕಗಳಲ್ಲಿ ಇದೂ ಒಂದು. ಅನಿಲ, ದ್ರವ, ಘನ ಎಂದು ಸ್ಥಿತಿಯೂ ಕ್ರಮವಾಗಿ ಬದಲಾಗುತ್ತದೆ. ನಮ್ಮ ಪಠ್ಯಗಳು ಇಲ್ಲಿಗೇ ನಿಂತುಬಿಡುತ್ತವೆ. ನನ್ನ ಮಟ್ಟಿಗೆ ಕಥೆ ಕಳೆಗಟ್ಟುವುದು ಇಲ್ಲಿಂದಾಚೆ, ಈ ಸಾಲಿನ ಮೇಲಿರುವ ಫ್ಲೋರಿನ್ನಿನಲ್ಲಿ.

ಅದನ್ನು ಬಿಡಿಸಹೊರಟ ಬೆಲ್ಜಿಯಂನ ಲುಯೆ, ಫ್ರಾನ್ಸಿನ ನಿಕ್ಲೆಸ್ ಪ್ರಾಣವನ್ನೇ ತೆತ್ತರು. ಗಾಜಿನ ಪಾತ್ರೆ ಕರಗುತ್ತಿತ್ತು. ನೀರಿದ್ದರೆ ಆಕ್ಸಿಜನ್ ಬರುತ್ತಿತ್ತು. ಹಾಗಾಗಿ ಆನ್ರಿ ಮೊಯ್ಸಾನ್ ನೀರಿನಂಶವಿಲ್ಲದ ಹೈಡ್ರೋಜನ್ ಫ್ಲೋರೈಡನ್ನು ತೀರಾ ತಣ್ಣಗಿಟ್ಟು, ಪ್ಲಾಟಿನಂ ಕೊಳವೆಯಲ್ಲಿ ವಿದ್ಯುತ್ ಹರಿಸಿದ. ಮುಚ್ಚಳಕ್ಕೆ ಫ್ಲೋರೈಟ್ ಕಲ್ಲು: ಅದರ ಕ್ಯಾಲ್ಸಿಯಂ ಮೊದಲೇ ಫ್ಲೋರಿನ್ ಉಂಡು ತಣಿದದ್ದು. 1886ರ ಜೂನ್ 26ರಂದು ಅನಿಲ ಬಂತು. ಸೋಕಿದ ಸಿಲಿಕಾನ್ ಹೊತ್ತಿ ಉರಿಯಿತು. ಪರೀಕ್ಷಿಸಲು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸಮಿತಿ ಬಂದ ದಿನ ಏನೂ ಹೊರಡಲಿಲ್ಲ! ಹೈಡ್ರೋಜನ್ ಫ್ಲೋರೈಡನ್ನು ಅತಿಯಾಗಿ ಶುದ್ಧಗೊಳಿಸಿದ್ದರಿಂದ ವಿದ್ಯುತ್ತೇ ಹರಿಯಲಿಲ್ಲ. ಪೊಟ್ಯಾಸಿಯಂ ಫ್ಲೋರೈಡ್ ಬೆರೆಸಿದ ಮೇಲೆ ಸರಿಹೋಯಿತು. 1906ರಲ್ಲಿ ಅವನಿಗೆ ನೊಬೆಲ್ ಬಂತು.

ಎಲೆಕ್ಟ್ರಾನ್ ಪಡೆದಾಗ ಹೊಮ್ಮುವ ಶಕ್ತಿ ಕ್ಲೋರಿನ್ನಿನಲ್ಲೇ ಹೆಚ್ಚು: ಮೋಲಿಗೆ 349 ಕಿಲೋಜೌಲ್, ಫ್ಲೋರಿನ್ನಿನಲ್ಲಿ 328. ಆದರೂ ಫ್ಲೋರಿನ್ನೇ ಉಗ್ರ. ಪುಟ್ಟ ಪರಮಾಣುಗಳೆರಡು ಒತ್ತೊತ್ತಾಗಿ ಕೂತು, ಅವುಗಳ ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುವುದರಿಂದ ಫ್ಲೋರಿನ್ ಬಂಧ ದುರ್ಬಲ, ಬೇಗ ಮುರಿಯುತ್ತದೆ. ಬೇರೆಯದರೊಂದಿಗೆ ಬೆಸೆದರೆ ಬಿಡಿಸುವುದು ಕಷ್ಟ. ಆದ್ದರಿಂದಲೇ ಹೈಡ್ರೋಫ್ಲೋರಿಕ್ ಆಮ್ಲ ನೀರಿನಲ್ಲಿ ದುರ್ಬಲ ಆಮ್ಲ, ಆದರೆ ಗಾಜನ್ನು ತಿನ್ನುತ್ತದೆ. ಟೆಫ್ಲಾನ್ (1938) ಏನಕ್ಕೂ ಜಗ್ಗದಿರುವುದೂ ಇದೇ ಬಂಧದ ಬಲದಿಂದ. 1962ರಲ್ಲಿ ನೀಲ್ ಬಾರ್ಟ್ಲೆಟ್ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಬಳಸಿ, ಯಾರ ಸಹವಾಸಕ್ಕೂ ಬಾರದ ಕ್ಸೆನಾನನ್ನೇ ಸಂಯುಕ್ತವಾಗಿಸಿದ.

ಇದೇ ಕುಟುಂಬದ 1940ರ ಆಸ್ಟಟೈನ್, 2010ರ ಟೆನ್ನೆಸೀನ್ ಪ್ರಯೋಗಾಲಯದ ಕೂಸುಗಳು. ಕ್ಷಣಿಕ ಬಾಳು, ಹೇಳಲು ಹೆಚ್ಚಿಲ್ಲ.

ಪಾವಗಡದಂಥ ತಾಲ್ಲೂಕುಗಳಲ್ಲಿ ಫ್ಲೋರೈಡ್ ಪ್ರಯೋಗಾಲಯ ದಾಟಿ ಕೊಡಕ್ಕೆ ಬರುತ್ತದೆ. ಗ್ರಾನೈಟ್ ಪದರಗಳಲ್ಲಿ ನಿಂತ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಫ್ಲೋರೈಟ್ ಹೆಚ್ಚು ಕರಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಕಂದುಪಟ್ಟೆ ಬರುತ್ತದೆ, ಅಂಶ ಇನ್ನೂ ಹೆಚ್ಚಾದರೆ ಮೂಳೆ ಬಿಗಿಯುತ್ತದೆ. ಇಂಥ ನೀರನ್ನು ಕುದಿಸಿ ಪ್ರಯೋಜನವಿಲ್ಲ. ನೀರು ಆವಿಯಾದಂತೆ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಪಟಿಕ ಮತ್ತು ಸುಣ್ಣ ಹಾಕಿ ತಿಳಿಯಾಗಿಸುವ ನಲ್ಗೊಂಡ ವಿಧಾನವಾದರೆ ಅದನ್ನು ತಳಕ್ಕಿಳಿಸುತ್ತದೆ.