ಬೆಂಗಳೂರು ಕೋಟೆಯೊಳಗಿನ ಅರಮನೆ

ಚಾಮರಾಜಪೇಟೆಯಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಡೆಗೆ ನಡೆಯುವವರಿಗೆ, ಕೋಟೆ ವೆಂಕಟರಮಣಸ್ವಾಮಿಯ ದೇವಾಲಯದ ನೆರೆಯಲ್ಲಿ, ಎರಡಂತಸ್ತಿನ ಮರದ ಸೌಧವೊಂದು ಕಾಣಿಸುತ್ತದೆ. ಟೀಪೂ ಸುಲ್ತಾನನ ಬೇಸಗೆಯ ಅರಮನೆ ಅದೇ. ಟಿಕೆಟು ಕೊಂಡು ಒಳಹೊಕ್ಕ ಪ್ರವಾಸಿಗೆ, ಅರಮನೆಯೆಂದರೆ ಇಷ್ಟೇ ಏನು ಎಂಬ ಸಂದೇಹ ಹುಟ್ಟುವುದು ಸಹಜ. ಅದಕ್ಕೆ ಉತ್ತರವು ಉಳಿದಿರುವ ಕಟ್ಟಡದಲ್ಲಿಲ್ಲ. ಅದರ ಸುತ್ತಲಿಂದ ಅಳಿದುಹೋದುದರಲ್ಲಿದೆ.

1537ರಲ್ಲಿ ಕೆಂಪೇಗೌಡನು ಕಟ್ಟಿಸಿದ ಮಣ್ಣಿನ ಕೋಟೆಯನ್ನು ಹೈದರಾಲಿಯು 1761ರಲ್ಲಿ ಕಲ್ಲಿನಿಂದ ಬಲಪಡಿಸಿದನು. ಅದರೊಳಗೆ 1781ರಲ್ಲಿ ಈ ಅರಮನೆಯನ್ನು ಆರಂಭಿಸಿ, ಮರುವರ್ಷವೇ ತೀರಿಕೊಂಡನು. ಮಗ ಟೀಪೂ 1791ರಲ್ಲಿ ಅದನ್ನು ಪೂರ್ಣಗೊಳಿಸಿದನು. ಸ್ವರ್ಗವೂ ಕಂಡು ಕರುಬತಕ್ಕ ಮನೆಯೆಂದು ಪಾರಸಿ ಬರಹವು ಇದನ್ನು ಕೊಂಡಾಡುತ್ತದೆ. ಅದೇ 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೇನೆ ಕೋಟೆಯನ್ನು ಹಿಡಿಯಿತು. ಕೊಂಡಾಟಕ್ಕೂ ಕೇಡಿಗೂ ಒಂದೇ ವರ್ಷವಾಯಿತು.

ಕಲ್ಲಿನ ಪೀಠಗಳ ಮೇಲೆ ನಿಂತ ಎತ್ತರವಾದ ತೇಗದ ಕಂಬಗಳು, ಅವುಗಳ ನಡುವೆ ಅಲೆಯಲೆಯಾಗಿ ಕೊರೆದ ಕಮಾನುಗಳು, ಗೋಡೆಗಳಲ್ಲಿ ಮಾಸಿದ ಹೂಬಳ್ಳಿಯ ಬಣ್ಣಗಳು, ಇವೇ ಇದರ ಸೊಬಗು. ಉಪ್ಪರಿಗೆಯ ಪೂರ್ವ ಪಶ್ಚಿಮಗಳಲ್ಲಿ ಎರಡು ಮೊಗಸಾಲೆಗಳಿವೆ. ಸುಲ್ತಾನನು ಅಲ್ಲಿ ಕುಳಿತು ದರ್ಬಾರು ನಡೆಸುತ್ತಿದ್ದನು. ನಾಲ್ಕು ಮೂಲೆಗಳ ಚಿಕ್ಕ ಕೊಠಡಿಗಳು ಅಂತಃಪುರವಾಗಿದ್ದುವೆಂದು ಹೇಳುತ್ತಾರೆ.

1799ರಲ್ಲಿ ಟೀಪೂ ಮಡಿದನು. 1831ರಲ್ಲಿ ಮೈಸೂರಿನ ಆಡಳಿತವನ್ನು ಆಂಗ್ಲೇಯರು ಕೈಗೆ ತೆಗೆದುಕೊಂಡ ಮೇಲೆ ಸರ್ಕಾರದ ಕಚೇರಿಗಳು ಈ ಅರಮನೆಯಲ್ಲಿ ನೆಲೆಗೊಂಡುವು. ದರ್ಬಾರಿನ ಕಂಬಗಳ ನಡುವೆ ಗುಮಾಸ್ತರ ಮೇಜುಗಳು ಬಂದುವು. ಇಲಾಖೆಗಳು ಹೆಚ್ಚಿ ಸ್ಥಳ ಸಾಲದಾಗಲು, 1868ರಲ್ಲಿ ಅವೆಲ್ಲ ಅಠಾರಾ ಕಚೇರಿಗೆ ಹೋದುವು. ಸುಲ್ತಾನನ ಮೇಲಿನ ಗೌರವಕ್ಕಿಂತ ಕಚೇರಿಯ ಅಗತ್ಯವೇ ಈ ಮನೆಯನ್ನು ಆ ಕಾಲದಲ್ಲಿ ಕಾಪಾಡಿತೆನ್ನಬೇಕು. ಆದರೆ ಕೋಟೆಯ ಗೋಡೆಗಳಿಂದ ಯಾರಿಗೂ ಪ್ರಯೋಜನ ಉಳಿಯಲಿಲ್ಲ. ಅವುಗಳನ್ನು ಕ್ರಮಕ್ರಮವಾಗಿ ಕೆಡವಿ ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಎಡೆ ಮಾಡಲಾಯಿತು. ದೆಹಲಿ ಬಾಗಿಲು ಮತ್ತು ಅದರ ಅಕ್ಕಪಕ್ಕದ ಸ್ವಲ್ಪ ಭಾಗ ಮಾತ್ರ ನಿಂತವು.

ಚೀನದ ಪೀಕಿಂಗ್ ನಗರದ ಅರಮನೆಯನ್ನು ಇದರೊಡನೆ ಹೋಲಿಸಬಹುದು. 1406ರಿಂದ 1420ರವರೆಗೆ ಕಟ್ಟಿದ ಅದೂ ಕಲ್ಲಿನ ಪೀಠದ ಮೇಲೆ ಮರದ ಕಂಬಗಳನ್ನು ನಿಲ್ಲಿಸಿದ ಕಟ್ಟಡವೇ. ಕಡೆಯ ಚಕ್ರವರ್ತಿಯನ್ನು 1924ರಲ್ಲಿ ಹೊರಗೆ ಕಳುಹಿಸಿ, ಮರುವರ್ಷ ಅದನ್ನು ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆದರು. ಅಲ್ಲಿ ಕಂದಕವೂ ಪ್ರಾಕಾರವೂ ಉಳಿದಿವೆ. ಬಾಗಿಲಿನ ಮೇಲೆ ಬಾಗಿಲು, ಅಂಗಳದ ಮೇಲೆ ಅಂಗಳ ದಾಟಿದ ಬಳಿಕವೇ ಸಿಂಹಾಸನದ ಮಂಟಪ ಸಿಕ್ಕುವುದರಿಂದ, ಅರಸನ ಹಿರಿಮೆಯನ್ನು ನಡೆದ ಕಾಲುಗಳೇ ತಿಳಿಸುತ್ತವೆ.

ಬೆಂಗಳೂರಿನಲ್ಲಿ ಆ ನಡಿಗೆಯೇ ತಪ್ಪಿಹೋಗಿದೆ. ಬಾಗಿಲು ಒಂದು ಕಡೆ, ಮನೆ ಇನ್ನೊಂದು ಕಡೆ. ನಡುವೆ ಗಾಡಿಗಳ ಗದ್ದಲ. ಆದುದರಿಂದ ಅರಮನೆಯನ್ನು ನೋಡಬಯಸುವವರು ಮೊದಲು ದೆಹಲಿ ಬಾಗಿಲನ್ನು ಹೊಕ್ಕು, ಅದರ ಕಲ್ಲುಗಳ ದಪ್ಪವನ್ನು ಕಂಡು, ಅಲ್ಲಿಂದ ಕಾಲ್ನಡೆಯಾಗಿ ಅರಮನೆಗೆ ಬರುವುದು ಉಚಿತ. ಮಕ್ಕಳನ್ನು ಕರೆತರುವವರು ಗೋಡೆ ಎಲ್ಲೆಲ್ಲಿ ಹಾದಿತ್ತೆಂಬುದನ್ನು ದಾರಿಯಲ್ಲಿಯೇ ಹೇಳುತ್ತ ಬರಲಿ. ಹಾಗೆ ಬಂದವರಿಗೆ ಈ ಮನೆ ಚಿಕ್ಕದಾಗಿ ಕಾಣುವುದಿಲ್ಲ.