ಗೆಲ್ಲುವ ಕುದುರೆಗೆ ಸೀಸದ ಭಾರ

ಪುಣೆಯ ಕ್ಯಾಂಪಿನಲ್ಲಿ, ಸೇನೆಯ ಜಮೀನಿನ ಮೇಲೆ ರೇಸ್‌ಕೋರ್ಸ್ ಶುರುವಾದದ್ದು 1830ರಲ್ಲಿ. ಮುಂಬೈಗೆ ಮಳೆ ಹಿಡಿದರೆ ಪುಣೆಯಲ್ಲಿ ರೇಸು. ಆ ಕ್ರಮ ಇಂದಿಗೂ ಉಳಿದಿದೆ.

ಆ ಕಾಲದ ಭಾರತದ ರೇಸುಗಳಲ್ಲಿ ಓಡುತ್ತಿದ್ದವು ಒಂದೇ ತಳಿಯ ಕುದುರೆಗಳಲ್ಲ. ಕೊಲ್ಲಿಯ ಬಂದರುಗಳಿಂದ ಹಡಗೇರಿ ಬಂದ ಅರಬ್ಬಿ, ಆಸ್ಟ್ರೇಲಿಯಾದ ವೇಲರ್, ಇಂಗ್ಲೆಂಡಿನ ಥರೋಬ್ರೆಡ್, ನಮ್ಮ ನಾಡಿನ ತಟ್ಟು. ಎಲ್ಲಕ್ಕೂ ಒಂದೇ ನಿಯಮವಿಟ್ಟು ಓಡಿಸಿದರೆ ಥರೋಬ್ರೆಡ್ಡೇ ಮುಂದೆ. ಹಾಗಾಗಿ ಅರಬ್ಬಿಗಳಿಗೆ ಬೇರೆ ಓಟಗಳಿಟ್ಟರು. ತಟ್ಟುಗಳಿಗೆ ಎತ್ತರದ ಲೆಕ್ಕ ತಂದರು: ಎತ್ತರದ ಕುದುರೆಗೆ, ಒಂದೊಂದು ಇಂಚಿಗೂ ಇಷ್ಟು ಪೌಂಡು ಎಂದು, ಹೆಚ್ಚು ಭಾರ.

ಅಳತೆಪಟ್ಟಿಯಷ್ಟು ನಿಷ್ಪಕ್ಷಪಾತಿ ಇನ್ಯಾವುದಿದೆ ಎನ್ನಿಸಬಹುದು. ಆದರೆ ಕುದುರೆಯ ಎತ್ತರ ಅಳೆಯುವುದು ಹೆಗಲ ಏಣಿನಲ್ಲಿ, ಮತ್ತು ಆ ಹೆಗಲು ಸುಮ್ಮನೆ ನಿಲ್ಲುವುದಿಲ್ಲ. ಮಾಲೀಕರು ಗೊರಸು ಕೆತ್ತಿಸಿ ಗಿಡ್ಡ ಮಾಡಿದರು. ಹಿಂದಿನ ರಾತ್ರಿ ಓಡಿಸಿ ದಣಿಸಿ, ಬೆಳಿಗ್ಗೆ ಜೋಲುಬಿದ್ದ ಕುದುರೆಯನ್ನು ತಂದು ನಿಲ್ಲಿಸಿದರು. ಹೆಗಲು ಮುಟ್ಟಿದೊಡನೆ ಕುಗ್ಗುವಂತೆ ಕೆಲವಕ್ಕೆ ಪಾಠವನ್ನೂ ಕಲಿಸಿದರು! ನಿಯಮ ಏನನ್ನು ಅಳೆಯುತ್ತದೋ ಅದನ್ನೇ ತಿದ್ದುವ ಜಾಣತನವದು. ಕಂಪ್ಯೂಟರಿನಲ್ಲಿ ಕುದುರೆ ಸ್ಪರ್ಧೆಯ ಆಟ ಕಟ್ಟುವವರಿಗೆ ಇಂದು ಎದುರಾಗುವ ತಲೆನೋವೂ ಇದೇ.

ಹ್ಯಾಂಡಿಕ್ಯಾಪ್ ಪದ್ಧತಿ ಮೈಯ ಅಳತೆಯನ್ನು ಬಿಟ್ಟು ಓಟದ ದಾಖಲೆಯನ್ನು ಹಿಡಿಯಿತು. ಹಿಂದಿನ ಓಟಗಳನ್ನು ನೋಡಿ ಅಧಿಕಾರಿಯೊಬ್ಬ ಪ್ರತಿ ಕುದುರೆಗೂ ಅಂಕ ಕೊಡುತ್ತಾನೆ. ಅಂಕ ಏರಿದಂತೆ ಹೊರಬೇಕಾದ ಭಾರವೂ ಏರುತ್ತದೆ. ಜಾಕಿಯ ಮೈತೂಕ ಸಾಲದಿದ್ದರೆ ಜೀನಿನ ಜೊತೆ ಸೀಸದ ಬಿಲ್ಲೆ ಸೇರಿಸುತ್ತಾರೆ. ಓಟ ಮುಗಿದ ಮೇಲೆ ಜಾಕಿ ಜೀನು ಸಮೇತ ಮತ್ತೆ ತಕ್ಕಡಿ ಹತ್ತಬೇಕು. ಗೆದ್ದ ತಪ್ಪಿಗೆ ದಂಡ ಎಂದು ಮಾಲೀಕರು ಗೊಣಗುವುದರಲ್ಲಿ ಅರ್ಥವಿಲ್ಲದಿಲ್ಲ. ಇಲ್ಲಿಯೂ ಕಳ್ಳದಾರಿಯಿದೆ: ಕುದುರೆಯನ್ನು ಬೇಕೆಂದೇ ನಿಧಾನ ಓಡಿಸಿ ಅಂಕ ಇಳಿಸಿಕೊಳ್ಳುವುದು. ಅದನ್ನು ತಕ್ಕಡಿ ಹಿಡಿಯಲಾರದು. ಓಟ ನೋಡಿ, ಜಾಕಿಯನ್ನು ಕರೆಸಿ ವಿಚಾರಿಸುವ ಸ್ಟೀವರ್ಡ್‌ಗಳೇ ಬೇಕು.

ದೊಡ್ಡ ಓಟಗಳಲ್ಲಿ ಈ ಲೆಕ್ಕವಿಲ್ಲ. 1943ರಲ್ಲಿ ಶುರುವಾದ ಇಂಡಿಯನ್ ಡರ್ಬಿಯಲ್ಲಿ ಹೆಣ್ಣುಕುದುರೆಗೆ ಕೊಂಚ ರಿಯಾಯಿತಿ, ಅಷ್ಟೆ. ಮೊದಲ ವರ್ಷ ಗೆದ್ದದ್ದು ಬರೋಡಾ ಮಹಾರಾಜರ ಹೆಣ್ಣುಕುದುರೆ, ಪ್ರಿನ್ಸೆಸ್ ಬ್ಯೂಟಿಫುಲ್.

ಹ್ಯಾಂಡಿಕ್ಯಾಪ್ ಮಾಡುವವನ ಕನಸೆಂದರೆ ಎಲ್ಲ ಕುದುರೆಗಳೂ ಒಟ್ಟಿಗೇ ಗುರಿ ಮುಟ್ಟುವುದು. ಆ ಕನಸು ಪೂರ್ತಿ ನಿಜವಾದರೆ ಗೆಲುವು ಬರೀ ಲಾಟರಿ. ಮದ್ರಾಸ್ ರೇಸ್ ಕ್ಲಬ್ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸನ್ನು ಮುಖ್ಯವಾಗಿ ಕೌಶಲದ ಆಟವೆಂದಿತು. ಭಾರ ಹೇರಿದ ಮೇಲೂ ಒಂದು ಕುದುರೆ ಮೂಗಿನಷ್ಟು ಮುಂದಿರುವುದರಿಂದಲೇ ಆ ಮಾತು ನಿಲ್ಲುತ್ತದೆ.