ಸಂಖ್ಯಾಶಾಸ್ತ್ರ ಪುಸ್ತಕವೊಂದರ ಬಿಡುಗಡೆ

ಪುಸ್ತಕ ಬಿಡುಗಡೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಎಲ್ಲರಿಗೂ ಗೊತ್ತಿರುವುದೇ. ಬಣ್ಣದ ಕಾಗದ ಸುತ್ತಿದ ಕಟ್ಟು, ಅದನ್ನು ಬಿಚ್ಚುವ ಅತಿಥಿಗಳು, ಎದೆಮಟ್ಟಕ್ಕೆ ಪುಸ್ತಕ ಹಿಡಿದು ಒಂದು ಫೋಟೋ, ಆಮೇಲೆ ಉಪ್ಪಿಟ್ಟು-ಕಾಫಿ. ಆದರೆ ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಲ್ಲಿ ಬರೆದ ಒಂದು ಪಠ್ಯಪುಸ್ತಕಕ್ಕೆ 2008ರಲ್ಲಿ ಸಿಕ್ಕಿದ್ದು ನಿಜವಾದ ಅರ್ಥದ ಬಿಡುಗಡೆ. ಅಲ್ಲಿ ಬಿಚ್ಚಿದ್ದು ಕಾಪಿರೈಟಿನ ಕಟ್ಟನ್ನು. ಸಾಹಿತ್ಯ ಕೂಟದ ಪತ್ರಿಕೆಯಲ್ಲಿ ಗಣಿತದ ಪುಸ್ತಕದ ಕಥೆ ಯಾಕಪ್ಪಾ ಎಂದು ಹುಬ್ಬೇರಿಸಬೇಡಿ. ಇದರಲ್ಲಿ ಕನ್ನಡದ ಪಾಲೂ ಇದೆ.

ಅಮೆರಿಕದ ಕಾಲೇಜು ಪುಸ್ತಕಗಳ ಬೆಲೆ ಮಕ್ಕಳನ್ನು ಇಲ್ಲಿ ಓದಿಸಿದವರಿಗೆಲ್ಲ ಗೊತ್ತು. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2005ರಲ್ಲಿ ಲೆಕ್ಕ ಹಾಕಿ ಹೇಳಿದ ಪ್ರಕಾರ, 1986ರ ಡಿಸೆಂಬರಿನಿಂದ 2004ರ ಡಿಸೆಂಬರಿನವರೆಗೆ ಸಾಮಾನ್ಯ ಬೆಲೆಗಳು ಶೇಕಡಾ 72 ಏರಿದ್ದರೆ, ಕಾಲೇಜು ಪಠ್ಯಪುಸ್ತಕಗಳ ಬೆಲೆ ಏರಿದ್ದು ಶೇಕಡಾ 186. ಕ್ಯಾಲ್ಕುಲಸ್ ಏನು ವರ್ಷವರ್ಷವೂ ಬದಲಾಗುವ ವಿದ್ಯೆಯೇ? ನ್ಯೂಟನ್, ಲೈಬ್ನಿಟ್ಸ್ ಅದನ್ನು ಕಟ್ಟಿದ್ದು 17ನೆಯ ಶತಮಾನದಲ್ಲಿ. ಆದರೂ ನಾಲ್ಕಾರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಅಭ್ಯಾಸದ ಲೆಕ್ಕಗಳ ಸಂಖ್ಯೆ ಹಿಂದುಮುಂದಾಗುತ್ತದೆ, ಅಕ್ಕ ಓದಿದ ಪುಸ್ತಕ ತಮ್ಮನಿಗೆ ಉಪಯೋಗಕ್ಕೆ ಬರದಂತಾಗುತ್ತದೆ. ಕೆನಡಾದ ಪ್ರಾಧ್ಯಾಪಕ ಜೇಮ್ಸ್ ಸ್ಟೀವರ್ಟ್ ತಮ್ಮ ಕ್ಯಾಲ್ಕುಲಸ್ ಪುಸ್ತಕಗಳ ಗಳಿಕೆಯಿಂದ ಟೊರಾಂಟೊದಲ್ಲಿ ಕಟ್ಟಿಸಿದ ಮನೆಗೆ ‘ಇಂಟಿಗ್ರಲ್ ಹೌಸ್’ ಎಂದೇ ಹೆಸರು. ಅವು ಒಳ್ಳೆಯ ಪುಸ್ತಕಗಳು, ಎರಡು ಮಾತಿಲ್ಲ. ಕೊಳ್ಳಲಾಗದ ವಿದ್ಯಾರ್ಥಿಯ ಗತಿ ಏನು ಎಂಬುದಷ್ಟೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಿದ ಮೇಷ್ಟರುಗಳು ಮೊದಲಿನಿಂದಲೂ ಇದ್ದರು. ವರ್ಮಾಂಟಿನ ಜಿಮ್ ಹೆಫರಾನ್ ತಮ್ಮ ಲೀನಿಯರ್ ಆಲ್ಜೀಬ್ರಾ ಪುಸ್ತಕವನ್ನು ಮೂಲ ಕಡತಗಳ ಸಮೇತ ಹಂಚಿದರು. ಜೆರೋಮ್ ಕೀಸ್ಲರ್ 1976ರಲ್ಲಿ ಮೊದಲು ಪ್ರಕಟವಾದ ತಮ್ಮ ಕ್ಯಾಲ್ಕುಲಸ್ ಪುಸ್ತಕದ ಮುದ್ರಣ ನಿಂತು ಹಕ್ಕು ಮರಳಿ ಕೈಗೆ ಬಂದಾಗ ಅದನ್ನು ಅಂತರ್ಜಾಲದಲ್ಲಿ ಇಟ್ಟುಬಿಟ್ಟರು. ಎಂಐಟಿಯ ಗಿಲ್ಬರ್ಟ್ ಸ್ಟ್ರಾಂಗ್ ಅವರ 1991ರ ಕ್ಯಾಲ್ಕುಲಸ್ ಪುಸ್ತಕವೂ ಹಾಗೆಯೇ ಎಲ್ಲರಿಗೂ ಸಿಕ್ಕಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಪುಕ್ಕಟೆ ಬೇರೆ, ಮುಕ್ತ ಬೇರೆ. ಪುಕ್ಕಟೆ ಪುಸ್ತಕವನ್ನು ಓದಬಹುದು, ಅಷ್ಟೇ. ಮುಕ್ತ ಲೈಸೆನ್ಸಿನ ಪುಸ್ತಕವನ್ನು ನಕಲು ಮಾಡಬಹುದು, ತಿದ್ದಬಹುದು, ಬೇರೆ ಭಾಷೆಗೆ ತರಬಹುದು. ನಮ್ಮಂಥ ಸಾಫ್ಟ್‌ವೇರ್ ಕಸುಬಿನವರಿಗೆ ಇದು ಹೊಸದಲ್ಲ. ರಿಚರ್ಡ್ ಸ್ಟಾಲ್ಮನ್ 1989ರಲ್ಲೇ ಜಿಪಿಎಲ್ ಲೈಸೆನ್ಸಿನ ಮೂಲಕ ಪ್ರೋಗ್ರಾಮುಗಳಿಗೆ ಈ ಸ್ವಾತಂತ್ರ್ಯ ಕೊಟ್ಟಿದ್ದರು. 2000ದಲ್ಲಿ ಅದೇ ಬಳಗದಿಂದ ಕೈಪಿಡಿಗಳಿಗಾಗಿ ಒಂದು ಲೈಸೆನ್ಸ್ ಬಂತು, 2002ರ ಡಿಸೆಂಬರಿನಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸುಗಳು ಬಂದವು. ಪ್ರೋಗ್ರಾಮು ಬರೆಯುವವರ ಪದ್ಧತಿ ಪುಸ್ತಕ ಬರೆಯುವವರಿಗೂ ದಕ್ಕಿತು.

ಈಗ ಕ್ಯುಪರ್ಟಿನೋಗೆ ಬರೋಣ. ಅಲ್ಲಿನ ಡಿ ಆಂಜಾ ಸಮುದಾಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಬಾರ್ಬರಾ ಇಲೋಸ್ಕಿ ಮತ್ತು ಸೂಸನ್ ಡೀನ್ ಸೇರಿ ‘ಕೊಲಾಬರೇಟಿವ್ ಸ್ಟ್ಯಾಟಿಸ್ಟಿಕ್ಸ್’ ಎಂಬ ಪುಸ್ತಕ ಬರೆದರು. ವರ್ಷಗಟ್ಟಲೆ ತರಗತಿಯಲ್ಲಿ ಪಳಗಿದ ಪುಸ್ತಕ ಅದು. ಸಿದ್ಧಾಂತಕ್ಕಿಂತ ಬಳಕೆಗೆ ಅದರಲ್ಲಿ ಹೆಚ್ಚು ಒತ್ತು. ಇದರ ಹಕ್ಕುಗಳನ್ನು 2008ರಲ್ಲಿ ಮ್ಯಾಕ್ಸ್‌ಫೀಲ್ಡ್ ಫೌಂಡೇಶನ್ ಹಣ ಕೊಟ್ಟು ಕೊಂಡಿತು. ಕೊಂಡದ್ದು ಇಟ್ಟುಕೊಳ್ಳುವುದಕ್ಕಲ್ಲ! ಟೆಕ್ಸಾಸಿನ ರೈಸ್ ವಿಶ್ವವಿದ್ಯಾನಿಲಯದಲ್ಲಿ ರಿಚರ್ಡ್ ಬರಾನಿಯುಕ್ 1999ರಲ್ಲಿ ಶುರುಮಾಡಿದ್ದ ‘ಕನೆಕ್ಷನ್ಸ್’ ಎಂಬ ಪಠ್ಯಭಂಡಾರಕ್ಕೆ ಪುಸ್ತಕವನ್ನು ಸೇರಿಸಿ, ಮೂಲ ಲೇಖಕರ ಹೆಸರು ಹೇಳಿದರೆ ಸಾಕು, ಮಿಕ್ಕಂತೆ ಯಾರು ಏನು ಬೇಕಾದರೂ ಮಾಡಿಕೊಳ್ಳಿ ಎಂಬ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಬಿಟ್ಟುಕೊಟ್ಟರು.

ಇದನ್ನು ಓದುವ ಕನ್ನಡಿಗರಿಗೆ ಅತ್ತಿಮಬ್ಬೆಯ ನೆನಪಾಗದೆ ಇರುವುದಿಲ್ಲ. ಸಾವಿರ ವರ್ಷಗಳ ಹಿಂದೆ ಪೊನ್ನನ ಶಾಂತಿಪುರಾಣವನ್ನು ಸ್ವಂತ ಖರ್ಚಿನಲ್ಲಿ ಸಾವಿರ ಪ್ರತಿ ಬರೆಸಿ ಹಂಚಿದವಳೆಂದು ನಮ್ಮ ಸಾಹಿತ್ಯ ಚರಿತ್ರೆ ಆ ದಾನಚಿಂತಾಮಣಿಯನ್ನು ಕೊಂಡಾಡುತ್ತದೆ. ಓಲೆಗರಿಯ ಕಾಲದಲ್ಲಿ ಪ್ರತಿ ಮಾಡಿಸುವುದೇ ದುಬಾರಿ, ಆದ್ದರಿಂದ ಪ್ರತಿಯನ್ನು ದಾನ ಮಾಡಬೇಕಿತ್ತು. ಕಂಪ್ಯೂಟರಿನ ಕಾಲದಲ್ಲಿ ಪ್ರತಿ ಮಾಡಲು ಕಾಸೂ ಬೇಡ, ದುಬಾರಿಯಾಗಿರುವುದು ಪ್ರತಿ ಮಾಡುವ ಹಕ್ಕು. ಹಾಗಾಗಿ ಈ ಕಾಲದ ದಾನಿಗಳು ಹಕ್ಕನ್ನೇ ಕೊಂಡು ಕೊಟ್ಟರು.

ಆ ದಾನ ಫಲ ಕೊಟ್ಟಿತೇ? ಕನೆಕ್ಷನ್ಸ್ ಕೆಲಸವೇ ಬೆಳೆದು, ದತ್ತಿ ಸಂಸ್ಥೆಗಳ ನೆರವಿನಿಂದ 2012ರಲ್ಲಿ ಓಪನ್‌ಸ್ಟ್ಯಾಕ್ಸ್ ಆಯಿತು. ಡಿ ಆಂಜಾದ ಪುಸ್ತಕವನ್ನೇ ಬುನಾದಿ ಮಾಡಿಕೊಂಡು 2013ರಲ್ಲಿ ‘ಇಂಟ್ರೊಡಕ್ಟರಿ ಸ್ಟ್ಯಾಟಿಸ್ಟಿಕ್ಸ್’ ಬಂತು. ಅದರಿಂದ 2017ರಲ್ಲಿ ವಾಣಿಜ್ಯ ವಿದ್ಯಾರ್ಥಿಗಳಿಗೆಂದು ಇನ್ನೊಂದು ಪುಸ್ತಕ ಹುಟ್ಟಿತು. ಸ್ಟ್ರಾಂಗ್ ಅವರ ಪುಸ್ತಕದಿಂದ 2016ರಲ್ಲಿ ಮೂರು ಸಂಪುಟಗಳ ಕ್ಯಾಲ್ಕುಲಸ್ ಬಂತು. ಸ್ಟ್ರಾಂಗ್ ಪುಸ್ತಕದ ಲೈಸೆನ್ಸ್ ವ್ಯಾಪಾರಕ್ಕೆ ಬಳಸಬಾರದು ಎಂಬ ಷರತ್ತಿನದು, ಆ ಷರತ್ತು ಮೂರು ಸಂಪುಟಗಳಿಗೂ ಅಂಟಿಕೊಂಡೇ ಬಂತು. ಪುಸ್ತಕಗಳಿಗೂ ವಂಶ, ಗೋತ್ರ ಇರುತ್ತವೆ ಅನ್ನಿ!

ಹಾಗೆಂದು ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. ಪುಸ್ತಕದಲ್ಲಿ ಲಾಭ ಕಡಿಮೆಯಾದಂತೆ ಪ್ರಕಾಶಕರು ಹೋಂವರ್ಕ್ ಮಾಡುವ ತಂತ್ರಾಂಶದ ಕಡೆ ತಿರುಗಿದ್ದಾರೆ. ಅದರ ಪಾಸ್‌ವರ್ಡಿಗೆ ಹಣ ಕಟ್ಟಬೇಕು, ಸೆಮಿಸ್ಟರ್ ಮುಗಿದ ಮೇಲೆ ಅದನ್ನು ಮತ್ತೊಬ್ಬರಿಗೆ ಮಾರುವಂತೆಯೂ ಇಲ್ಲ.

ಇನ್ನು ಕನ್ನಡದ ಪಾಲಿನ ಮಾತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ ಎಂದು ಕಲಿತ ಹುಡುಗಿ ಪಿಯುಸಿ ಸೈನ್ಸಿಗೆ, ಅಲ್ಲಿಂದ ಬಿ.ಎಸ್ಸಿ.ಗೆ ಹೋದಾಗ ಎಲ್ಲವೂ ಒಮ್ಮೆಲೇ ಇಂಗ್ಲಿಷಾಗುತ್ತದೆ. ನಮ್ಮ ಪೈಕಿ ಹಲವರು ಆ ಹೊಸಿಲು ದಾಟುವಾಗ ಎಡವಿಯೇ ಬಂದವರು, ಎಡವಿದವರಲ್ಲಿ ಎಷ್ಟೋ ಮಂದಿ ಅಲ್ಲೇ ಉಳಿದರು. ಕನ್ನಡಕ್ಕೆ ಗಣಿತ ಹೊಸದೇನಲ್ಲ. 12ನೆಯ ಶತಮಾನದಲ್ಲೇ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದಿದ್ದ. ಮುಕ್ತ ಲೈಸೆನ್ಸೂ ಕನ್ನಡಕ್ಕೆ ಹೊಸದಲ್ಲ; ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಬಿಟ್ಟುಕೊಟ್ಟಿತು.

ಕ್ಯುಪರ್ಟಿನೋದ ಪುಸ್ತಕವನ್ನು ಕನ್ನಡಕ್ಕೆ ತರಲು ಯಾರ ಅಪ್ಪಣೆಯೂ ಬೇಕಿಲ್ಲ. 2008ರಲ್ಲಿ ಕೊಟ್ಟ ಲೈಸೆನ್ಸನ್ನು ಹಿಂದಕ್ಕೆ ಪಡೆಯುವಂತೆಯೂ ಇಲ್ಲ. ಅಮೆರಿಕದ ಉದಾಹರಣೆಗಳನ್ನು ತೆಗೆದು ಆಗುಂಬೆಯ ಮಳೆ, ಕನ್ನಂಬಾಡಿಯ ನೀರಿನ ಮಟ್ಟ, ರಣಜಿ ಪಂದ್ಯದ ರನ್ನುಗಳನ್ನು ಸೇರಿಸಿದರೂ ಯಾರೂ ಕೇಳುವುದಿಲ್ಲ. ಬೇಕಾಗಿರುವುದು ಎರಡೂ ಭಾಷೆ ಬಲ್ಲ, ಸಂಖ್ಯಾಶಾಸ್ತ್ರವನ್ನೂ ಅಷ್ಟಿಷ್ಟು ಓದಿರುವ ನಾಲ್ಕು ಜನ, ಮತ್ತು ಅವರ ವಾರಾಂತ್ಯಗಳು. ಕವಿತೆ, ಕತೆಗಳನ್ನು ಅನುವಾದಿಸಲು ಒಟ್ಟಿಗೆ ಕೂರುವ ನಮ್ಮ ಕೂಟದಲ್ಲಿ ಅಂಥ ನಾಲ್ವರು ಸಿಕ್ಕೇ ಸಿಗುತ್ತಾರೆ. ಮೊದಲನೆಯ ಅಧ್ಯಾಯ ಮಾದರಿ ಆಯ್ಕೆ ಮತ್ತು ದತ್ತಾಂಶದ್ದು, ಹೆಚ್ಚಿನ ಲೆಕ್ಕವೇನೂ ಇಲ್ಲ. ಅಲ್ಲಿಂದಲೇ ಶುರುಮಾಡೋಣವೇ?